ಶಾರದಾ ಸದನ: 19ನೇ ಶತಮಾನದ ವಸತಿಶಾಲೆಯೊಂದರಲ್ಲಿ ಹೆಣ್ಣುಮಕ್ಕಳ ಬದುಕು

ಇಂದು ಮಗಳನ್ನು ಮೂಡುಬಿದಿರೆಗೋ ಧಾರವಾಡಕ್ಕೋ ಬೆಂಗಳೂರಿಗೋ ಓದಲು ಕಳುಹಿಸಿ, ಹಾಸ್ಟೆಲಿನಲ್ಲಿ ಬಿಟ್ಟು ಬರುವುದು ಸಾಮಾನ್ಯ ಸಂಗತಿ. ಸುಮಾರು 135 ವರ್ಷಗಳ ಹಿಂದೆ ಅದು ಊರೆಲ್ಲ ಮಾತನಾಡಿಕೊಳ್ಳುವ ಸುದ್ದಿಯಾಗಿತ್ತು. ಹೆಣ್ಣುಮಗಳು ಮನೆಯ ಹೊರಗೆ ರಾತ್ರಿ ಕಳೆಯುವುದೇ ತಪ್ಪೆಂದು ತಿಳಿದಿದ್ದ ಕಾಲವದು. ಆ ಕಾಲದಲ್ಲಿ, ಅದರಲ್ಲೂ ಬಾಲವಿಧವೆಯರಿಗಾಗಿ, ಮುಂಬೈಯಲ್ಲಿ ಆರಂಭವಾದ ವಸತಿಶಾಲೆಯೇ ಶಾರದಾ ಸದನ. ಇದನ್ನು ಸ್ಥಾಪಿಸಿದವರು ಪಂಡಿತಾ ರಮಾಬಾಯಿ. ಆರಂಭದ ದಿನ 1889ರ ಮಾರ್ಚ್ 11.

ಈ ಶಾಲೆಯ ಚರಿತ್ರೆಯಲ್ಲಿ ಎರಡು ಮುಖಗಳಿವೆ. ಅಕ್ಷರವೇ ಗೊತ್ತಿಲ್ಲದೆ ಬಂದ ಹೆಣ್ಣುಮಕ್ಕಳು ಇಲ್ಲಿ ಓದಲು ಕಲಿತು ತಮ್ಮ ಕಾಲ ಮೇಲೆ ನಿಲ್ಲುವ ದಾರಿ ಕಂಡುಕೊಂಡರು. ಹಾಗೆಯೇ, ಮನೆಯವರಿಗೂ ಶಾಲೆಗೂ ನಡುವಿನ ನಂಬಿಕೆ ಮುರಿದುಬಿದ್ದಾಗ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರು ಓದನ್ನು ನಡುವೆಯೇ ಬಿಟ್ಟು ಹೊರಬೀಳಬೇಕಾಯಿತು. ಹೆಣ್ಣುಮಕ್ಕಳ ವಸತಿ ಶಿಕ್ಷಣದ ಇತಿಹಾಸವನ್ನು ತಿಳಿಯಬಯಸುವವರಿಗೆ ಎರಡೂ ಮುಖಗಳು ಮುಖ್ಯ.

ಹಿನ್ನೆಲೆ: ಬಾಲವಿಧವೆಯರ ಸ್ಥಿತಿ

1881ರ ಜನಗಣತಿಯ ಪ್ರಕಾರ ಭಾರತದಲ್ಲಿ 9 ವರ್ಷದೊಳಗಿನ ವಿಧವೆಯರ ಸಂಖ್ಯೆ 78,976. 10ರಿಂದ 14 ವರ್ಷದವರು 2,07,388. 15ರಿಂದ 19 ವರ್ಷದವರು 3,82,736. ಒಟ್ಟು 6,69,100 ಹುಡುಗಿಯರು ಇಪ್ಪತ್ತು ತುಂಬುವ ಮೊದಲೇ ವಿಧವೆಯರಾಗಿದ್ದರು. ರಮಾಬಾಯಿಯವರು 1887ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ತಮ್ಮ ಇಂಗ್ಲಿಷ್ ಪುಸ್ತಕ 'ದಿ ಹೈ ಕಾಸ್ಟ್ ಹಿಂದೂ ವುಮನ್'ನಲ್ಲಿ ಇದೇ ಅಂಕಿಗಳನ್ನು ಓದುಗರ ಮುಂದಿಟ್ಟಿದ್ದರು.

ಇವರಲ್ಲಿ ಎಷ್ಟೋ ಮಂದಿ ಗಂಡನ ಮುಖವನ್ನೂ ಸರಿಯಾಗಿ ನೋಡಿದವರಲ್ಲ. ಮದುವೆಯಾದದ್ದು ಆಟದ ವಯಸ್ಸಿನಲ್ಲಿ, ಗಂಡ ತೀರಿಕೊಂಡದ್ದೂ ಆಟದ ವಯಸ್ಸಿನಲ್ಲಿ. ಆದರೆ ವೈಧವ್ಯದ ನಿಯಮಗಳು ಮಾತ್ರ ಬದುಕಿನುದ್ದಕ್ಕೂ ಬಿಡುತ್ತಿರಲಿಲ್ಲ. ಬ್ರಾಹ್ಮಣ ಕುಟುಂಬಗಳಲ್ಲಿ ತಲೆ ಬೋಳಿಸುವ ಪದ್ಧತಿ ಇತ್ತು. ಒಂದೇ ಹೊತ್ತಿನ ಊಟ, ಒರಟು ಸೀರೆ, ಒಡವೆ ಇಲ್ಲದ ಮೈ, ಶುಭಕಾರ್ಯಗಳಲ್ಲಿ ಹಿಂದೆ ಸರಿದು ನಿಲ್ಲುವುದು, ಮನೆಯ ಕೆಲಸವನ್ನೆಲ್ಲ ಹೊರುವುದು - ಇವು ಅವರ ದಿನಚರಿ. ವಿಧವಾ ವಿವಾಹಕ್ಕೆ ಅವಕಾಶ ನೀಡುವ ಕಾಯಿದೆ 1856ರಲ್ಲೇ ಬಂದಿದ್ದರೂ ಅದನ್ನು ಬಳಸಿಕೊಳ್ಳುವ ಧೈರ್ಯ ಮಾಡಿದವರು ಬೆರಳೆಣಿಕೆಯಷ್ಟು.

ಬಾಲ್ಯವಿವಾಹದಿಂದ ಹುಟ್ಟಿದ ಈ ದುಃಖ ಒಂದು ಜಾತಿಗೆ ಸೀಮಿತವಾಗಿರಲಿಲ್ಲ. ಬಾಲ್ಯವಿವಾಹ ಎಲ್ಲೆಲ್ಲಿ ನಡೆಯುತ್ತಿತ್ತೋ ಅಲ್ಲೆಲ್ಲ ಬಾಲವಿಧವೆಯರೂ ಇದ್ದರು. ಜೈನ ಕುಟುಂಬಗಳೂ ಇದಕ್ಕೆ ಹೊರತಾಗಿರಲಿಲ್ಲ. ಅದರ ಉದಾಹರಣೆಗಳನ್ನು ಈ ಲೇಖನದ ಕೊನೆಯ ಭಾಗದಲ್ಲಿ ಕಾಣಬಹುದು.

ಸ್ಥಾಪಕಿ: ಗಂಗಾಮೂಲದಲ್ಲಿ ಹುಟ್ಟಿದ ಮಗು

ಪಂಡಿತಾ ರಮಾಬಾಯಿ ಮುಂಬೈ, ಪುಣೆಗಳ ಹೆಸರಿನೊಂದಿಗೆ ಗುರುತಿಸಲ್ಪಟ್ಟರೂ ಹುಟ್ಟಿದ್ದು ಕನ್ನಡ ನಾಡಿನ ಪಶ್ಚಿಮ ಘಟ್ಟದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಅವರ ಮೂಲ ಊರು ಕಾರ್ಕಳ ಸೀಮೆಯ ಮಾಳ. ಶಾಸ್ತ್ರಿಗಳು ತಮ್ಮ ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಲು ಮುಂದಾದರು. ಹೆಂಗಸಿಗೆ ಸಂಸ್ಕೃತವೇ ಎಂಬ ವಿರೋಧ ಎದ್ದಿತು. ಶಾಸ್ತ್ರಿಗಳು ಪಟ್ಟು ಬಿಡದೆ ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿ ಅಲ್ಲಿಯೇ ನೆಲೆಸಿದರು. 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದ್ದು ಆ ಕಾಡಿನ ಮನೆಯಲ್ಲಿ.

ಮಗುವಿಗೆ ಸುಮಾರು ಆರು ತಿಂಗಳಾದಾಗ ಕುಟುಂಬ ಗಂಗಾಮೂಲವನ್ನು ಬಿಟ್ಟು ತೀರ್ಥಯಾತ್ರೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿದ ಮಗುವನ್ನು ಹೊತ್ತುಕೊಂಡು ಘಟ್ಟ ಇಳಿದರೆಂದು ರಮಾಬಾಯಿ ಮುಂದೆ ನೆನಪಿಸಿಕೊಂಡಿದ್ದಾರೆ. ಊರಿಂದ ಊರಿಗೆ ನಡೆಯುತ್ತ, ಪುರಾಣ ಹೇಳುತ್ತ ಸಾಗಿದ ಆ ಬದುಕಿನಲ್ಲಿ ತಾಯಿಯೇ ಮಗಳಿಗೆ ಗುರು. ಸಾವಿರಾರು ಸಂಸ್ಕೃತ ಶ್ಲೋಕಗಳು ಬಾಲಕಿಗೆ ಬಾಯಿಪಾಠವಾದವು. ಬರಗಾಲದ ದಿನಗಳಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ.

1878ರಲ್ಲಿ ಇಬ್ಬರೂ ಕಲ್ಕತ್ತೆಗೆ ಬಂದರು. ಇಪ್ಪತ್ತರ ತರುಣಿಯ ಸಂಸ್ಕೃತ ಪಾಂಡಿತ್ಯವನ್ನು ಪರೀಕ್ಷಿಸಿದ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ನೀಡಿದರು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿ ಅವರೊಂದಿಗೆ ಮದುವೆ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಪತಿ ಕಾಲರಾದಿಂದ ಮೃತಪಟ್ಟರು. ಹೀಗೆ 24ನೇ ವಯಸ್ಸಿಗೆ ಮೊದಲೇ ರಮಾಬಾಯಿ ಸ್ವತಃ ವಿಧವೆಯಾದರು. ಮುಂದೆ ಅವರು ತೆರೆದ ಶಾಲೆ ಕೇಳಿ ತಿಳಿದ ಕಷ್ಟಕ್ಕಾಗಿ ಅಲ್ಲ, ಅನುಭವಿಸಿದ ಕಷ್ಟಕ್ಕಾಗಿ.

ಪುಣೆಗೆ ಬಂದ ರಮಾಬಾಯಿ 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ ಶಿಕ್ಷಣದ ಬಗ್ಗೆ ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಹೇಳಿಕೆ ನೀಡಿ, ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರು ಬೇಕು, ಚಿಕಿತ್ಸೆ ನೀಡಲು ವೈದ್ಯೆಯರು ಬೇಕು ಎಂದು ವಾದಿಸಿದರು. 1883ರಲ್ಲಿ ಇಂಗ್ಲೆಂಡಿಗೆ ಹೋದರು. ಅಲ್ಲಿ ವಾಂಟೇಜ್ ಎಂಬ ಊರಿನಲ್ಲಿದ್ದಾಗ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದರು. ಬಳಿಕ ಚೆಲ್ಟನ್‌ಹ್ಯಾಮ್ ಲೇಡೀಸ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ ತಾವೂ ಓದಿದರು. ಡೊರೊಥಿಯಾ ಬೀಲ್ ನಡೆಸುತ್ತಿದ್ದ ಈ ಕಾಲೇಜು ಹೆಣ್ಣುಮಕ್ಕಳ ವಸತಿ ಶಿಕ್ಷಣಕ್ಕೆ ಹೆಸರಾಗಿತ್ತು. ಒಂದು ವಿಷಯ ಇಲ್ಲಿ ಗಮನಾರ್ಹ: ಧರ್ಮ ಬದಲಾದರೂ ರಮಾಬಾಯಿ ಸಸ್ಯಾಹಾರವನ್ನು ಬಿಡಲಿಲ್ಲ. ಇಂಗ್ಲೆಂಡಿನಲ್ಲಾಗಲಿ ಅಮೆರಿಕದಲ್ಲಾಗಲಿ ಮಾಂಸಾಹಾರವನ್ನು ಮುಟ್ಟಲಿಲ್ಲ.

1886ರಲ್ಲಿ ಆನಂದಿಬಾಯಿ ಜೋಶಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆದರು. ಆ ಸಮಾರಂಭಕ್ಕೆಂದು ಹೋದ ರಮಾಬಾಯಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದಲ್ಲಿ ಉಳಿದು, ಊರೂರು ಸುತ್ತಿ ಉಪನ್ಯಾಸ ನೀಡಿದರು. ಚಿಕ್ಕ ಮಕ್ಕಳಿಗೆ ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಭ್ಯಾಸ ಮಾಡಿದರು. 1887ರ ಡಿಸೆಂಬರ್‌ನಲ್ಲಿ ಬಾಸ್ಟನ್ ನಗರದಲ್ಲಿ 'ರಮಾಬಾಯಿ ಅಸೋಸಿಯೇಷನ್' ಸ್ಥಾಪನೆಯಾಯಿತು. ಮೇಲ್ಜಾತಿಯ ವಿಧವೆಯರಿಗಾಗಿ ಭಾರತದಲ್ಲಿ ಒಂದು ವಸತಿಶಾಲೆ ನಡೆಸಲು ಹತ್ತು ವರ್ಷಗಳ ಕಾಲ ನೆರವು ನೀಡುವುದಾಗಿ ಸದಸ್ಯರು ಒಪ್ಪಿಕೊಂಡರು. ಶಾಲೆ ಯಾವ ಧರ್ಮವನ್ನೂ ಬೋಧಿಸುವುದಿಲ್ಲ, ವಿದ್ಯಾರ್ಥಿನಿಯರ ಧರ್ಮಾಚರಣೆಗೆ ಅಡ್ಡ ಬರುವುದಿಲ್ಲ ಎಂಬುದು ಆ ಯೋಜನೆಯ ಮೂಲ ಷರತ್ತು. ಮುಂದಿನ ಎಲ್ಲ ವಿವಾದವೂ ಈ ಒಂದು ಮಾತಿನ ಸುತ್ತ ಹುಟ್ಟಿತು.

ಇಬ್ಬರು ವಿದ್ಯಾರ್ಥಿನಿಯರಿಂದ ಆರಂಭ

1889ರಲ್ಲಿ ಮುಂಬೈಗೆ ಮರಳಿದ ರಮಾಬಾಯಿ ಚೌಪಾಟಿ ಬಳಿ ಮನೆಯೊಂದರಲ್ಲಿ ಶಾಲೆ ತೆರೆದರು. ವಿದ್ಯೆಯ ಅಧಿದೇವತೆ ಶಾರದೆಯ ಹೆಸರನ್ನೇ ಇಟ್ಟರು. ಮೊದಲ ದಿನ ಶಾಲೆಯಲ್ಲಿ ಇದ್ದವರು ಇಬ್ಬರೇ ವಿದ್ಯಾರ್ಥಿನಿಯರು. ಅವರಲ್ಲಿ ವಿಧವೆಯಾಗಿದ್ದವಳು ಗೋದೂಬಾಯಿ.

ಗೋದೂಬಾಯಿ ಕೊಂಕಣದ ದೇವರುಖದ ಜೋಶಿ ಕುಟುಂಬದ ಮಗಳು. ಎಂಟನೆಯ ವಯಸ್ಸಿಗೆ ಮದುವೆ. ಕೆಲವೇ ತಿಂಗಳಲ್ಲಿ ಗಂಡನ ಸಾವು. ಅಲ್ಲಿಂದ ಮುಂದೆ ವರ್ಷಗಟ್ಟಲೆ ಅತ್ತೆಯ ಮನೆಯಲ್ಲಿ ದುಡಿಮೆ. ಅಕ್ಷರ ಕಲಿಯುವ ಪ್ರಶ್ನೆಯೇ ಇರಲಿಲ್ಲ. ಅವಳ ಅಣ್ಣ ನರಹರಿಪಂತ್ ಜೋಶಿ ಮುಂಬೈಯಲ್ಲಿದ್ದರು. ತಂಗಿಯನ್ನು ತನ್ನ ಬಳಿಗೆ ಕರೆಸಿಕೊಂಡ ಅವರು, ಹೊಸ ಶಾಲೆಯ ವಿಷಯ ತಿಳಿದು ಅಲ್ಲಿಗೆ ಸೇರಿಸಿದರು. ಆಗ ಅವಳ ವಯಸ್ಸು ಇಪ್ಪತ್ತು ದಾಟಿತ್ತು. ಇತರರು ತಮ್ಮ ಮಕ್ಕಳಿಗೆ ಅಕ್ಷರ ಕಲಿಸುವ ವಯಸ್ಸಿನಲ್ಲಿ ಅವಳು ಅಕ್ಷರ ತಿದ್ದಲು ಕುಳಿತಳು.

ಒಬ್ಬ ಅಣ್ಣ ತಂಗಿಯನ್ನು ಶಾಲೆಗೆ ಸೇರಿಸಿದ ಎಂದು ಇಂದು ಓದಿದರೆ ದೊಡ್ಡದೆನಿಸುವುದಿಲ್ಲ. ಆದರೆ ಅಂದು ವಿಧವೆಯಾದ ತಂಗಿಯನ್ನು ಮನೆಯಿಂದ ಹೊರಗೆ ಕಳುಹಿಸುವುದು, ಅದರಲ್ಲೂ ಕ್ರೈಸ್ತ ಮಹಿಳೆಯೊಬ್ಬರು ನಡೆಸುವ ಶಾಲೆಗೆ, ಬಂಧುಬಳಗದ ನಿಂದೆಯನ್ನು ಮೈಮೇಲೆ ಎಳೆದುಕೊಳ್ಳುವ ಕೆಲಸವಾಗಿತ್ತು. ಜಾತಿಯಿಂದ ಹೊರಹಾಕುವ ಭಯವೂ ಇತ್ತು. ಶಾರದಾ ಸದನಕ್ಕೆ ಬಂದ ಪ್ರತಿಯೊಬ್ಬ ಹುಡುಗಿಯ ಹಿಂದೆಯೂ ಇಂಥ ಒಬ್ಬ ತಂದೆ, ಒಬ್ಬ ಅಣ್ಣ ಅಥವಾ ಒಬ್ಬ ತಾಯಿಯ ಧೈರ್ಯವಿತ್ತು.

ಸದನದೊಳಗಿನ ಬದುಕು

ಊಟ ಮತ್ತು ಆಚಾರ: ಶಾಲೆಗೆ ಮಕ್ಕಳನ್ನು ಕಳುಹಿಸುವವರು ಮೊದಲು ಕೇಳುತ್ತಿದ್ದ ಪ್ರಶ್ನೆ ಓದಿನದಲ್ಲ, ಊಟದ್ದು. ಯಾರು ಅಡುಗೆ ಮಾಡುತ್ತಾರೆ, ನೀರು ಯಾರು ತರುತ್ತಾರೆ, ಯಾರ ಪಂಕ್ತಿಯಲ್ಲಿ ಕೂರಬೇಕು? ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗದಿದ್ದರೆ ಒಬ್ಬ ಹುಡುಗಿಯೂ ಬರುವುದಿಲ್ಲವೆಂದು ರಮಾಬಾಯಿಗೆ ಗೊತ್ತಿತ್ತು. ಆದ್ದರಿಂದ ಅಡುಗೆ, ನೀರು, ಊಟದ ವಿಷಯದಲ್ಲಿ ವಿದ್ಯಾರ್ಥಿನಿಯರು ತಮ್ಮ ತಮ್ಮ ಜಾತಿಯ ನಿಯಮಗಳನ್ನು ಪಾಲಿಸಲು ಅಲ್ಲಿ ಏರ್ಪಾಡು ಇತ್ತು. ಅವರವರ ಪೂಜೆ, ವ್ರತಗಳಿಗೂ ಅಡ್ಡಿಯಿರಲಿಲ್ಲ.

ವೇಷ ಮತ್ತು ನಡವಳಿಕೆ: ವಿಧವೆಯೆಂಬ ಕಾರಣಕ್ಕೆ ಹುಡುಗಿಯನ್ನು ದೂರ ನಿಲ್ಲಿಸುವವರು ಇಲ್ಲಿರಲಿಲ್ಲ. ತಲೆ ಬೋಳಿಸಿಕೊಳ್ಳಬೇಕೆಂದು ಒತ್ತಾಯಿಸುವವರೂ ಇರಲಿಲ್ಲ. ಬೆಳಗ್ಗೆ ಎದ್ದು ಎದುರಿಗೆ ಬಂದರೆ ಅಪಶಕುನ ಎನಿಸಿಕೊಂಡಿದ್ದ ಹುಡುಗಿ ಇಲ್ಲಿ ಇತರರೊಂದಿಗೆ ಸಮನಾಗಿ ಕೂರಬಹುದಿತ್ತು, ನಗಬಹುದಿತ್ತು, ಓಡಾಡಬಹುದಿತ್ತು. ಮದುವೆಯಾಗದ ಹುಡುಗಿಯರಿಗೂ ಸದನದಲ್ಲಿ ಪ್ರವೇಶವಿತ್ತು. ಹೀಗಾಗಿ ವಿಧವೆಯರೇ ಒಂದು ಪ್ರತ್ಯೇಕ ಗುಂಪಾಗಿ ಉಳಿಯಲಿಲ್ಲ.

ಪಾಠ: ಮರಾಠಿ ಓದು ಬರಹ ಮೊದಲ ಮೆಟ್ಟಿಲು. ಮುಂದುವರಿದವರಿಗೆ ಇಂಗ್ಲಿಷ್. ಲೆಕ್ಕ, ಭೂಗೋಳ, ಹೊಲಿಗೆ ಜೊತೆಗಿದ್ದವು. ಹೆಣ್ಣುಮಕ್ಕಳಿಗೆ ಹೊಂದುವ ಮರಾಠಿ ಪಠ್ಯಪುಸ್ತಕಗಳ ಕೊರತೆಯನ್ನು ಅರಿತಿದ್ದ ರಮಾಬಾಯಿ ಆ ಕೆಲಸದಲ್ಲೂ ತೊಡಗಿದ್ದರು. ಸುಂದರಬಾಯಿ ಪವಾರ್ ಸದನದ ಕೆಲಸದಲ್ಲಿ ಅವರಿಗೆ ನೆರವಾದವರಲ್ಲಿ ಒಬ್ಬರು.

ಗುರಿ: ಈ ಓದು ಹೊತ್ತು ಕಳೆಯಲು ಅಲ್ಲ. ಹುಡುಗಿ ಶಿಕ್ಷಕಿಯಾಗಬೇಕು, ದಾದಿಯಾಗಬೇಕು, ಅಥವಾ ಬೇರೆ ಯಾವುದಾದರೂ ಕೆಲಸದಿಂದ ತನ್ನ ಅನ್ನವನ್ನು ತಾನೇ ಸಂಪಾದಿಸಬೇಕು ಎಂಬುದು ಸದನದ ಉದ್ದೇಶ. ಅತ್ತೆಯ ಮನೆಯಲ್ಲಾಗಲಿ ತವರಿನಲ್ಲಾಗಲಿ ವಿಧವೆಯ ಸ್ಥಾನ ಇನ್ನೊಬ್ಬರ ದಯೆಯ ಮೇಲೆ ನಿಂತಿತ್ತು. ಸ್ವಂತ ಸಂಪಾದನೆ ಇದ್ದರೆ ಆ ಸ್ಥಾನ ಬದಲಾಗುತ್ತದೆ ಎಂಬುದನ್ನು ರಮಾಬಾಯಿ ತಮ್ಮ ಬದುಕಿನಿಂದಲೇ ಕಲಿತಿದ್ದರು.

1890ರ ನವೆಂಬರ್‌ನಲ್ಲಿ ಸದನವನ್ನು ಪುಣೆಗೆ ಸ್ಥಳಾಂತರಿಸಲಾಯಿತು. ಗೋದೂಬಾಯಿಯೂ ಶಾಲೆಯೊಂದಿಗೆ ಪುಣೆಗೆ ಬಂದಳು. ವಿದ್ಯಾರ್ಥಿನಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಪುಣೆಯ ಸಂಪ್ರದಾಯವಾದಿ ಸಮಾಜದ ನಡುವೆಯೇ ಇಂಥ ಶಾಲೆಯೊಂದು ನಡೆಯುತ್ತಿದ್ದುದು ಸಣ್ಣ ಸಾಧನೆಯಲ್ಲ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಮತ್ತು ಸಂಸ್ಕೃತ ವಿದ್ವಾಂಸ ರಾಮಕೃಷ್ಣ ಗೋಪಾಲ ಭಾಂಡಾರಕರ್ ಅವರಂಥ ಗಣ್ಯರು ಸಲಹಾ ಸಮಿತಿಯಲ್ಲಿದ್ದರು. ಮಗಳನ್ನು ಕಳುಹಿಸಲು ಹಿಂಜರಿಯುತ್ತಿದ್ದ ಮನೆಗಳಿಗೆ ಅವರ ಹೆಸರೇ ಭರವಸೆಯಾಗಿತ್ತು.

ತೆರೆದ ಬಾಗಿಲಿನ ವಿವಾದ

ರಮಾಬಾಯಿ ಶಾಲೆಯಲ್ಲಿ ಕ್ರೈಸ್ತ ಧರ್ಮವನ್ನು ಪಾಠವಾಗಿ ಕಲಿಸುತ್ತಿರಲಿಲ್ಲ. ಆದರೆ ತಮ್ಮ ಕೋಣೆಯಲ್ಲಿ ಮಗಳು ಮನೋರಮಾ ಜೊತೆ ಪ್ರಾರ್ಥನೆ ಮಾಡುತ್ತಿದ್ದರು. ಆ ಕೋಣೆಯ ಬಾಗಿಲು ತೆರೆದಿರುತ್ತಿತ್ತು. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ಬರುವವರನ್ನು ತಾನು ಕರೆದಿಲ್ಲ, ಬಂದವರನ್ನು ಹೊರಗೆ ಕಳುಹಿಸುವುದೂ ಇಲ್ಲ ಎಂಬುದು ರಮಾಬಾಯಿಯವರ ನಿಲುವು. ಹುಡುಗಿಯರಿಗೆ ತಮ್ಮ ಧರ್ಮವನ್ನು ಪಾಲಿಸುವ ಸ್ವಾತಂತ್ರ್ಯ ಇರುವಂತೆ ತನಗೂ ಇದೆ ಎಂದು ಅವರು ವಾದಿಸಿದರು.

ಮನೆಯವರಿಗೆ ಇದು ಹಾಗೆ ಕಾಣಲಿಲ್ಲ. ಶಾಲೆಯ ಮುಖ್ಯಸ್ಥೆ ಹುಡುಗಿಯರ ಪಾಲಿಗೆ ತಾಯಿಯಂತೆ. ಅನ್ನ ಕೊಟ್ಟು ಅಕ್ಷರ ಕಲಿಸಿದವರು ಮಾಡುವ ಪ್ರಾರ್ಥನೆಯಲ್ಲಿ ಕೂರುವುದು ಹದಿನಾಲ್ಕರ ಹುಡುಗಿಯ ಸ್ವಂತ ತೀರ್ಮಾನ ಎನ್ನಬಹುದೇ ಎಂಬ ಪ್ರಶ್ನೆ ಅವರದು. ಧರ್ಮದಲ್ಲಿ ಕೈಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದ ಶಾಲೆಯಲ್ಲಿ ಇದು ನಡೆಯುತ್ತಿದೆ ಎಂಬುದು ಅವರ ಮುಖ್ಯ ದೂರು. ಬಾಲಗಂಗಾಧರ ತಿಲಕರ 'ಕೇಸರಿ' ಪತ್ರಿಕೆ ಸದನವನ್ನು ಕಟುವಾಗಿ ಟೀಕಿಸಿತು. ವಿಧವೆಯರ ಶಿಕ್ಷಣವನ್ನೇ ಒಪ್ಪದವರೂ ಈ ಸಂದರ್ಭವನ್ನು ಬಳಸಿಕೊಂಡರು.

1893ರಲ್ಲಿ ವಿವಾದ ತುದಿ ಮುಟ್ಟಿತು. ರಾನಡೆ, ಭಾಂಡಾರಕರ್ ಮೊದಲಾದವರು ಸಲಹಾ ಸಮಿತಿಯಿಂದ ಹೊರಬಂದರು. ಇವರು ಸ್ತ್ರೀಶಿಕ್ಷಣದ ವಿರೋಧಿಗಳಲ್ಲ, ಅದಕ್ಕಾಗಿ ದುಡಿದವರು. ಆದ್ದರಿಂದಲೇ ಅವರ ರಾಜೀನಾಮೆ ಸದನಕ್ಕೆ ದೊಡ್ಡ ಪೆಟ್ಟಾಯಿತು. ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಪೋಷಕರು ಶಾಲೆ ಬಿಡಿಸಿ ಕರೆದೊಯ್ದರು.

ಈ ಘಟನೆಯ ಬಗ್ಗೆ ಬರೆದವರು ಸಾಮಾನ್ಯವಾಗಿ ರಮಾಬಾಯಿಯವರ ಪರ ಅಥವಾ ವಿರುದ್ಧ ನಿಲ್ಲುತ್ತಾರೆ. ಎರಡೂ ಕಡೆಯ ವಾದಗಳಲ್ಲಿ ಹುರುಳಿದೆ. ಆದರೆ ಮರಳಿ ಹೋದ ಹುಡುಗಿಯರ ಮಾತು ಎರಡೂ ಕಡೆಯ ವಾದಗಳಲ್ಲಿ ಕೇಳಿಬರುವುದಿಲ್ಲ. ಅವರಲ್ಲಿ ಎಷ್ಟೋ ಮಂದಿಗೆ ಮುಂದಿನ ತರಗತಿ ಇರಲಿಲ್ಲ, ಬೇರೆ ಶಾಲೆಯೂ ಇರಲಿಲ್ಲ. ಆ ಪ್ರಾಂತದಲ್ಲಿ ವಿಧವೆಯರನ್ನು ಇಟ್ಟುಕೊಂಡು ಕಲಿಸುವ ಬೇರೆ ಸಂಸ್ಥೆಯನ್ನು ಟೀಕಾಕಾರರು ಆಗ ಕಟ್ಟಿರಲಿಲ್ಲ. ಕೊಟ್ಟ ಮಾತನ್ನು ಎರಡೂ ಕಡೆಯವರು ಬೇರೆ ಬೇರೆಯಾಗಿ ಅರ್ಥಮಾಡಿಕೊಂಡಿದ್ದರು. ಅದರ ಬೆಲೆ ತೆತ್ತವರು ಮಾತ್ರ ಆ ಹುಡುಗಿಯರು.

ಗೋದೂಬಾಯಿ ಆನಂದಿಬಾಯಿಯಾದದ್ದು

ಅದೇ 1893ರಲ್ಲಿ, ಸದನದ ಮೊದಲ ವಿದ್ಯಾರ್ಥಿನಿಯ ಬದುಕು ಬೇರೆ ತಿರುವು ಪಡೆಯಿತು. ಅಣ್ಣ ನರಹರಿಪಂತರ ಗೆಳೆಯ ಧೋಂಡೋ ಕೇಶವ ಕರ್ವೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. 1891ರಲ್ಲಿ ಅವರ ಪತ್ನಿ ರಾಧಾಬಾಯಿ ತೀರಿಕೊಂಡಿದ್ದರು. ಮರುಮದುವೆಯಾದರೆ ವಿಧವೆಯನ್ನೇ ಆಗುತ್ತೇನೆ ಎಂಬುದು ಕರ್ವೆಯವರ ನಿರ್ಧಾರ. ಗೋದೂಬಾಯಿ ಒಪ್ಪಿದಳು. 1893ರ ಮಾರ್ಚ್ 11ರಂದು ಪುಣೆಯಲ್ಲಿ ಮದುವೆ ನಡೆಯಿತು. ಸರಿಯಾಗಿ ನಾಲ್ಕು ವರ್ಷಗಳ ಹಿಂದೆ ಅದೇ ತಾರೀಖಿನಂದು ಶಾರದಾ ಸದನ ಬಾಗಿಲು ತೆರೆದಿತ್ತು. ಮದುವೆಯ ನಂತರ ಅವರ ಹೆಸರು ಆನಂದಿಬಾಯಿ. ಜನ ಪ್ರೀತಿಯಿಂದ ಕರೆದದ್ದು 'ಬಾಯಾ ಕರ್ವೆ' ಎಂದು.

ಕರ್ವೆಯವರ ಹುಟ್ಟೂರು ಮುರುಡದಲ್ಲಿ ಈ ದಂಪತಿಗಳಿಗೆ ಬಹಿಷ್ಕಾರ ಹಾಕಲಾಯಿತು. ಹೆತ್ತ ತಾಯಿಯೂ ಮಗನೊಂದಿಗೆ ಮುಕ್ತವಾಗಿ ಬೆರೆಯಲಾಗದ ಸ್ಥಿತಿ ಬಂತು. ಆದರೆ ದಂಪತಿಗಳು ಹಿಂದೆ ಸರಿಯಲಿಲ್ಲ. 1896ರಲ್ಲಿ ಕರ್ವೆಯವರು ವಿಧವೆಯರಿಗಾಗಿ ಆಶ್ರಮವೊಂದನ್ನು ಸ್ಥಾಪಿಸಿದರು. 1900ರಲ್ಲಿ ಅದು ಪುಣೆ ಸಮೀಪದ ಹಿಂಗಣೆಗೆ ಸ್ಥಳಾಂತರವಾಯಿತು. ಧರ್ಮದ ವಿಷಯದಲ್ಲಿ ಮನೆಯವರಿಗೆ ಅನುಮಾನ ಬಾರದಂಥ ವಸತಿಶಾಲೆಯೊಂದು ಹೀಗೆ ಹುಟ್ಟಿಕೊಂಡಿತು. ಆನಂದಿಬಾಯಿ ಆ ಸಂಸ್ಥೆಗಾಗಿ ಹಣ ಸಂಗ್ರಹಿಸುತ್ತ ಓಡಾಡಿದರು. 1916ರಲ್ಲಿ ಕರ್ವೆಯವರು ಮಹಿಳಾ ವಿಶ್ವವಿದ್ಯಾಲಯವನ್ನೂ ಆರಂಭಿಸಿದರು. 1958ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಬಂತು.

ಇಪ್ಪತ್ತು ದಾಟಿದ ಮೇಲೆ ಅಕ್ಷರ ತಿದ್ದಿದ ಆನಂದಿಬಾಯಿಯವರ ಆತ್ಮಕಥೆ 'ಮಾಝೇ ಪುರಾಣ' ಎಂಬ ಹೆಸರಿನಲ್ಲಿ 1944ರಲ್ಲಿ ಮರಾಠಿಯಲ್ಲಿ ಪ್ರಕಟವಾಯಿತು. ಮಹಾಭಾರತದ ಪಾತ್ರಗಳ ಬಗೆಗಿನ 'ಯುಗಾಂತ' ಕೃತಿಯ ಲೇಖಕಿ, ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ ಇವರ ಸೊಸೆ.

ಮುಕ್ತಿ ಸದನ ಮತ್ತು ಕಲಬುರಗಿಯ ನಂಟು

1893ರ ನಂತರವೂ ಶಾರದಾ ಸದನ ಮುಚ್ಚಲಿಲ್ಲ. 1896-97ರ ಭೀಕರ ಬರಗಾಲದಲ್ಲಿ ರಮಾಬಾಯಿ ಮಧ್ಯಪ್ರಾಂತದಿಂದ ನೂರಾರು ಅನಾಥ ಹುಡುಗಿಯರನ್ನು ಕರೆತಂದರು. ಪುಣೆಯ ಸಮೀಪದ ಕೇಡಗಾಂವ್‌ನಲ್ಲಿ ಖರೀದಿಸಿದ್ದ ಜಮೀನಿನಲ್ಲಿ ಅವರಿಗೆ ಆಶ್ರಯ ನೀಡಿದರು. ಅದೇ ಮುಕ್ತಿ ಸದನ. ಅಲ್ಲಿ ಓದಿನ ಜೊತೆ ನೇಯ್ಗೆ, ಮುದ್ರಣ, ಹೈನುಗಾರಿಕೆ, ಬೇಸಾಯದ ಕೆಲಸಗಳನ್ನು ಕಲಿಸಲಾಯಿತು. ಇದು ಬಹಿರಂಗವಾಗಿ ಕ್ರೈಸ್ತ ಸಂಸ್ಥೆಯಾಗಿತ್ತು. ಮೊದಲಿನ ಶಾರದಾ ಸದನಕ್ಕಿಂತ ಇದರ ಸ್ವರೂಪ ಬೇರೆ.

ಮಗಳು ಮನೋರಮಾ ತಾಯಿಯ ಕೆಲಸಕ್ಕೆ ಬಲಗೈಯಾಗಿದ್ದರು. 1913ರ ಸುಮಾರಿಗೆ ಆಗಿನ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ಆರಂಭಿಸುವಲ್ಲಿ ಅವರ ಪಾತ್ರವಿತ್ತು. ಗಂಗಾಮೂಲದಿಂದ ಬುಟ್ಟಿಯಲ್ಲಿ ಹೊರಟ ಮಗುವಿನ ಕೆಲಸ ಹೀಗೆ ಮಗಳ ಮೂಲಕ ಕನ್ನಡ ನಾಡಿಗೆ ಮರಳಿತು. ಮನೋರಮಾ 1921ರಲ್ಲಿ ತೀರಿಕೊಂಡರು. ಮರುವರ್ಷ, 1922ರ ಏಪ್ರಿಲ್ 5ರಂದು, ರಮಾಬಾಯಿ ಕೊನೆಯುಸಿರೆಳೆದರು.

ಜೈನ ಸಮಾಜದಲ್ಲಿ ಇದೇ ಅಗತ್ಯ

ಬಾಲವಿಧವೆಯರಿಗೆ ಓದು, ಆಶ್ರಯ ಎರಡೂ ಒಂದೇ ಸೂರಿನಡಿ ಸಿಗಬೇಕೆಂಬ ಅಗತ್ಯವನ್ನು ಜೈನ ಸಮಾಜವೂ ಮುಂದಿನ ದಶಕಗಳಲ್ಲಿ ಮನಗಂಡಿತು. ಇಲ್ಲಿಯೂ ಮುಂದೆ ಬಂದವರು ಆ ನೋವನ್ನು ಸ್ವತಃ ಉಂಡ ಮಹಿಳೆಯರೇ.

ಮುಂಬೈಯ ದಾನವೀರ ಸೇಠ್ ಮಾಣಿಕಚಂದ್ ಹೀರಾಚಂದ್ ಝವೇರಿ ಅವರು ಹಲವು ಊರುಗಳಲ್ಲಿ ಜೈನ ವಿದ್ಯಾರ್ಥಿಗಳಿಗೆ ಬೋರ್ಡಿಂಗ್‌ಗಳನ್ನು ಕಟ್ಟಿಸಿದವರು. ಅವರ ಮಗಳು ಮಗನಬಾಯಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ವಿಧವೆಯಾದರು. ಸೇಠರು ಮಗಳನ್ನು ಮೂಲೆಯಲ್ಲಿ ಕೂರಿಸಲಿಲ್ಲ. ಮನೆಯಲ್ಲಿಯೇ ಓದಿಸಿದರು, ಶಾಸ್ತ್ರಾಭ್ಯಾಸ ಮಾಡಿಸಿದರು. ಮಗನಬಾಯಿ 20ನೇ ಶತಮಾನದ ಆರಂಭದ ವರ್ಷಗಳಲ್ಲಿ ಶ್ರಾವಿಕಾಶ್ರಮವನ್ನು ಸ್ಥಾಪಿಸಿದರು. ವಿಧವೆಯರಿಗೂ ಇತರ ಹೆಣ್ಣುಮಕ್ಕಳಿಗೂ ಅಲ್ಲಿ ಧರ್ಮಶಿಕ್ಷಣ, ಲೌಕಿಕ ಶಿಕ್ಷಣ ಎರಡೂ ದೊರೆತವು.

ಪಂಡಿತಾ ಚಂದಾಬಾಯಿ ಅವರದು ಇನ್ನೊಂದು ಉದಾಹರಣೆ. ವೃಂದಾವನದ ವೈಷ್ಣವ ಕುಟುಂಬದಲ್ಲಿ ಹುಟ್ಟಿ, ಬಿಹಾರದ ಆರಾ ಪಟ್ಟಣದ ಜೈನ ಮನೆತನಕ್ಕೆ ಬಾಲ್ಯದಲ್ಲೇ ಸೊಸೆಯಾಗಿ ಬಂದವರು ಅವರು. ಮದುವೆಯಾದ ಸ್ವಲ್ಪ ಕಾಲದಲ್ಲೇ ವಿಧವೆಯಾದರು. ಅತ್ತೆಮನೆಯ ಬೆಂಬಲದಿಂದ ಓದಿ ಪಂಡಿತೆಯಾಗಿ, 1921ರಲ್ಲಿ ಆರಾದಲ್ಲಿ ಜೈನ ಬಾಲಾ ವಿಶ್ರಾಮವನ್ನು ಸ್ಥಾಪಿಸಿದರು. ಸಾಮಾಯಿಕ, ಸ್ವಾಧ್ಯಾಯ, ರಾತ್ರಿಭೋಜನ ತ್ಯಾಗದಂಥ ಆಚಾರಗಳಿಗೆ ಭಂಗ ಬಾರದೆ ಹೆಣ್ಣುಮಕ್ಕಳು ಓದಬಹುದಾದ ಇಂಥ ತಾಣಗಳು ಇದ್ದುದರಿಂದ ಎಷ್ಟೋ ಶ್ರಾವಕ ಕುಟುಂಬಗಳು ಮಗಳನ್ನು ದೂರಕ್ಕೆ ಕಳುಹಿಸುವ ಮನಸ್ಸು ಮಾಡಿದವು.

ಶಾರದಾ ಸದನ ಕಲಿಸುವ ಪಾಠ

ಶಾರದಾ ಸದನದ ಕಾಲದಲ್ಲಿ ಪೋಷಕರು ಕೇಳಿದ ಪ್ರಶ್ನೆಗಳು ಇಂದಿಗೂ ಹಳತಾಗಿಲ್ಲ. ಊಟದ ವ್ಯವಸ್ಥೆ ಹೇಗೆ? ಮನೆಯ ಆಚಾರ ಪಾಲಿಸಲು ಅವಕಾಶ ಇದೆಯೇ? ಮಗಳು ಯಾರ ಆಸರೆಯಲ್ಲಿ ಇರುತ್ತಾಳೆ? ಅಲ್ಲಿ ನಡೆಯುವುದು ಮನೆಗೆ ತಿಳಿಯುತ್ತದೆಯೇ? ಇವುಗಳನ್ನು ಸೇರಿಸುವ ಮೊದಲೇ ಸ್ಪಷ್ಟವಾಗಿ ಕೇಳಿಕೊಳ್ಳುವುದು, ಶಾಲೆಯೂ ಮುಚ್ಚುಮರೆಯಿಲ್ಲದೆ ಉತ್ತರಿಸುವುದು ಇಬ್ಬರಿಗೂ ಕ್ಷೇಮ. 1893ರಲ್ಲಿ ಮುರಿದದ್ದು ಇದೇ ಎಳೆ.

ಇನ್ನೊಂದು ಪ್ರಶ್ನೆಯನ್ನು ಅಂದು ಹೆಚ್ಚಿನವರು ಕೇಳಲಿಲ್ಲ. ಮಗಳಿಗೆ ಏನು ಬೇಕು ಎಂಬುದು ಆ ಪ್ರಶ್ನೆ. ಮನೆಗೆ ಮರಳಿದ ಹುಡುಗಿಯರ ಹೆಸರುಗಳು ಸಾಮಾನ್ಯ ಓದುಗರಿಗೆ ಗೊತ್ತಿಲ್ಲ. ಓದು ಮುಂದುವರಿಸಲು ಬಿಟ್ಟಿದ್ದರೆ ಅವರಲ್ಲಿ ಯಾರು ಶಿಕ್ಷಕಿಯಾಗುತ್ತಿದ್ದರು, ಯಾರು ಇನ್ನೊಂದು ಆಶ್ರಮವನ್ನೇ ಕಟ್ಟುತ್ತಿದ್ದರು ಎಂದು ಹೇಳುವಂತಿಲ್ಲ. ಗೋದೂಬಾಯಿಗೆ ಸಿಕ್ಕಿದ್ದು ನಾಲ್ಕೇ ವರ್ಷಗಳ ಶಾಲೆ. ಆ ನಾಲ್ಕು ವರ್ಷಗಳಲ್ಲಿ ಕಲಿತ ಅಕ್ಷರದಿಂದ ಅವರು ತಮ್ಮ ಕಥೆಯನ್ನು ತಾವೇ ಹೇಳುವವರಾದರು.